ಕಿರುನೆಲ್ಲಿ ಕೊಟ್ಟ ಧೈರ್ಯ

ಮಜ್ಜಿಗೇಲಿ ಅರೆದ ಕಿರುನೆಲ್ಲಿ ಮಾದಪ್ಪನ ಹೊಟ್ಟೆಗೆ ಇಳಿದಿದ್ದೇ ತಡ, ಸೀದಾ ಲಿವರ್ ಹತ್ರ ಓಡಿ ಬಂತು.

"ಲಿವರಕ್ಕಾ, ಹೆದರಬೇಡಿ, ನಾನು ಬಂದೆ!"

"ನೀನು ಬರೋದೇ ನನಗೆ ಹೆದರಿಕೆ ಕಣಪ್ಪಾ," ಅಂತು ಲಿವರ್.

"ಅಯ್ಯಯ್ಯೋ, ನಾನೇನ್ ಮಾಡ್ದೆ? ಕಾಮಾಲೆ ವಾಸಿ ಮಾಡ್ದೆ ಅಂತ ಊರೆಲ್ಲಾ ನನ್ನ ಹೊಗಳುತ್ತೆ!"

"ಅದೇ ತೊಂದ್ರೆ. ಕಾಮಾಲೆ ಬಂದಾಗ ಮಾದಪ್ಪ ಹೆದರಿ ಬ್ರಾಂದಿ ಬಿಟ್ಟಿದ್ದ, ನಾನು ಚೇತರಿಸಿಕೊಂಡೆ, ಹೆಸರು ನಿನಗೆ ಬಂತು. ಈಗ ಬೆಳಿಗ್ಗೆ ನಿನ್ನ ಕುಡೀತಾನೆ, ಆ ಧೈರ್ಯದ ಮೇಲೆ ಸಂಜೆ ಬ್ರಾಂದಿ ಕುಡೀತಾನೆ. ಹಿಂಗೇ ಆದ್ರೆ ನಾನು ಉಳಿಯಲ್ಲ."

ಕಿರುನೆಲ್ಲಿಗೆ ಎಷ್ಟು ಬೇಜಾರಾಯ್ತು ಅಂದ್ರೆ, ಅಲ್ಲೇ ಶಪಥ ಮಾಡ್ತು. "ನಾಳೆ ನಾಲಿಗೆ ಮೇಲೇ ಎಲ್ಲಾ ಕಹಿ ಸುರಿದುಬಿಡ್ತೀನಿ ಅಕ್ಕಾ, ಅವನು ನನ್ನ ಮುಟ್ಟಲೇಬಾರದು!"

ಹೇಳಿದ ಹಾಗೇ ಮಾಡ್ತು. ಮಾರನೇ ದಿನ ಒಂದು ಗುಟುಕಿಗೇ ಮಾದಪ್ಪನ ಮುಖ ಕಿವುಚಿಹೋಯ್ತು, ಕಣ್ಣಲ್ಲಿ ನೀರು ಬಂತು.

"ಲೇ ಸಾಕೀ," ಅಂತ ಹೆಂಡತೀನ ಕೂಗಿದ, "ಇವತ್ತು ಮದ್ದು ಭಾರಿ ಜೋರಾಗಿದೆ ಕಣೇ! ಸಂಜೆ ಬೀಗರನ್ನೂ ಕರೀತೀನಿ, ದೊಡ್ಡ ಬಾಟ್ಲೀನೇ ತರ್ತೀನಿ." ಉಳಿದಿದ್ದನ್ನೂ ಗಟಗಟ ಕುಡಿದ.

ಕಿರುನೆಲ್ಲಿ ತಲೆ ತಗ್ಗಿಸಿಕೊಂಡು ಕೆಳಗೆ ಬಂತು.

"ಬಾಪ್ಪಾ, ಕೂತ್ಕೋ," ಅಂತು ಲಿವರ್. "ಸಂಜೆ ತನಕ ಟೈಮಿದೆ."