ಸೀರೆಗುಂಡು

"ಕಲ್ಲಿನ ಮ್ಯಾಲ ಸೀರಿ ಹಾಕೀನಿ. ಇಬ್ಬನಿ ಬೀಳೋದ್ರಾಗ ತಂದುಬಿಡ್ರಿ." ಹಂಪವ್ವ ಗಂಡನಿಗೆ ಹೇಳಿದ ಕೊನೆಯ ಮಾತು ಇದೇ ಎನ್ನುತ್ತಾರೆ. ಆ ಕಲ್ಲು ಈಗಲೂ ಇದೆ. ತುಂಗಭದ್ರೆಯ ದಂಡೆಯಲ್ಲಿ, ಕಡೇಹೊಳೆ ಊರಿನ ತಲೆಗೆ, ಕೂತ ಎಮ್ಮೆಯ ಬೆನ್ನಿನ ಹಾಗೆ ಕಾಣುವ ದೊಡ್ಡ ಗುಂಡು. ಅದರ ಹೆಸರು ಸೀರೆಗುಂಡು. ಊರ ಹೆಂಗಸರು ಒಗೆದ ಸೀರೆಗಳನ್ನು ಅದರ ಮೇಲೇ ಹರವುತ್ತಾರೆ. ಹೊತ್ತು ಇಳಿದಾಗ ಗಂಡಸರು ಹತ್ತಿ ತರುತ್ತಾರೆ. ಹೊಸಬರು ನೋಡಿ ನಗುತ್ತಾರೆ. ಈ ಊರಿನವರು ನಗುವುದಿಲ್ಲ.

ಹಿಂದೆ ಒಮ್ಮೆ ಇಬ್ಬರು ಪಾಳೆಯಗಾರರಿಗೆ ಜಗಳ ಹತ್ತಿತು. ಊರು ನಡುವೆ ಸಿಕ್ಕಿತು. ಕುದುರೆಯವರು ಬಂದು ಕಣಕ್ಕೆ ಬೆಂಕಿ ಇಟ್ಟರು. ಜನ ಉಟ್ಟ ಬಟ್ಟೆಯಲ್ಲಿ ಹರಿಗೋಲು ಹತ್ತಿ ಆಚೆ ದಂಡೆ ಸೇರಿದರು. ಅಲ್ಲೇ ಗುಡಿಸಲು ಕಟ್ಟಿದರು, ಕಂಡವರ ಹೊಲದಲ್ಲಿ ಕೂಲಿ ಮಾಡಿದರು. ವರ್ಷಗಳ ಮೇಲೆ ಜಗಳ ನಿಂತಿತೆಂದು ಸುದ್ದಿ ಬಂತು. ತಿರುಗಿ ಬಂದವರಿಗೆ ಕಂದಾಯ ಮಾಫಿ ಎಂದು ಡಂಗುರದವನು ದೊರೆಯ ಮಾತು ಸಾರಿದ. ನಂಬಿ ಹೋದವರನ್ನು ಕೋಟೆ ಗೋಡೆ ಕಟ್ಟಲು ಬಿಟ್ಟಿ ಹಿಡಿದರು. ಮತ್ತೊಮ್ಮೆ ಡಂಗುರ ಬಡಿದಾಗ ಹುಲಿಗೆವ್ವ ಎಂಬ ಮುದುಕಿ, ಗೋಡೆ ಮತ್ತೆ ಬಿತ್ತೇನಪ್ಪಾ ಎಂದು ಕೇಳಿದಳಂತೆ. ಊರಿನ ಕಡೆ ಆಗಾಗ ಹೊಗೆ ಏಳುತ್ತಿತ್ತು. ಒಲೆಯ ಹೊಗೆಯೋ ದಂಡಿನ ಹೊಗೆಯೋ, ಯಾರು ಹೇಳಬೇಕು? ಅಷ್ಟರಲ್ಲಿ, ಆಚೆ ದಂಡೆಯಲ್ಲೇ ಹುಟ್ಟಿದ ಮಕ್ಕಳು ಗುಡಿಸಲನ್ನೇ ಊರು ಅನ್ನತೊಡಗಿದ್ದವು.

ಹಂಪವ್ವ ಗಾಳೆಪ್ಪನ ಹೆಂಡತಿ. ದಿನಾ ಊರಿಗೆ ಹೋಗೋಣ ಅನ್ನುತ್ತಿದ್ದಳು. ಅವನು ನೋಡೋಣ ಅನ್ನುತ್ತಿದ್ದ. ಜ್ವರ ತಲೆಗೇರಿದ ದಿನ ಅವಳಿಗೆ ತಾನು ಊರಲ್ಲೇ ಇದ್ದೇನೆ ಅನ್ನಿಸಿತು. ಸೀರೆಯ ಮಾತು ಹೇಳಿದಳು. ಆಗಲಿ, ತರ್ತೀನಿ ಅಂದ. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಮಣ್ಣು ಮಾಡಿದ ಮೇಲೆ, ಅವಳ ಕೆಂಪು ಸೀರೆಯನ್ನು ಯಾರಿಗಾದರೂ ಕೊಟ್ಟುಬಿಡು ಅಂದರು. ಕೊಡಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು, ಯಾರಿಗೂ ಹೇಳದೆ ಹೊಳೆ ದಾಟಿದ. ಮನೆಯ ಮೇಲೆ ಸೂರು ಉಳಿದಿರಲಿಲ್ಲ. ಅಡುಗೆ ಮನೆಯಲ್ಲಿ ಔಡಲ ಗಿಡ ಆಳೆತ್ತರ ಬೆಳೆದಿತ್ತು. ಗುಂಡು ಬರಿದಾಗಿತ್ತು. ಇಲ್ಲದ ಸೀರೆಯನ್ನು ತರುವುದು ಹೇಗೆ? ಮೊದಲು ಹಾಕಬೇಕು. ಹೊಳೆಯಲ್ಲಿ ಅದ್ದಿ, ಹಿಂಡಿ, ಕಲ್ಲಿನ ಮೇಲೆ ಹರವಿದ. ಸಂಜೆ ತರಲು ಹತ್ತಿದ. ಕೈ ಬರಲಿಲ್ಲ. ಇದೊಂದನ್ನು ತಂದರೆ ಅವಳು ಹೇಳಿದ ಕೆಲಸ ಮುಗಿದೇ ಹೋಗುತ್ತದೆ. ಆಮೇಲೆ ಅವಳು ಏನೂ ಹೇಳುವುದಿಲ್ಲ. ನಾಳೆ ನೋಡೋಣ ಎಂದು ಇಳಿದ. ಮರುದಿನವೂ ಹಾಗೇ ಆಯಿತು. ಹೊಳೆಯ ಮೀನು ಸುಟ್ಟು ತಿಂದ. ಮಲಗಿದರೆ ಗೊರಸಿನ ಸದ್ದು. ಎದ್ದು ಕೂತು ಕೇಳಿದರೆ ಔಡಲ ಎಲೆಯ ಸದ್ದು.

ಆಚೆ ದಂಡೆಯವರಿಗೆ ಗುಂಡಿನ ಮೇಲೆ ಕೆಂಪು ಕಂಡಿತು. ಗಾಳೆಪ್ಪ ಹೊಳೆಗೆ ಬಿದ್ದನೆಂದೇ ಅವರು ತಿಳಿದಿದ್ದರು. ದಂಡಿನವರು ಸೀರೆ ಒಣಹಾಕುವುದಿಲ್ಲ. ಯಾವಳೋ ಬಂದು ಸಂಸಾರ ಹೂಡಿದ್ದಾಳೆ, ಹೆದರಿಕೆ ಇಲ್ಲದೆ ಒಗೆದು ಹರವಿದ್ದಾಳೆ ಎಂದು ಮಾತಾಯಿತು. ಡಂಗುರಕ್ಕೆ ಏಳದವರು ಸೀರೆಗೆ ಎದ್ದರು. ಮಡಕೆ, ಕೋಳಿ, ಮಕ್ಕಳನ್ನು ಹರಿಗೋಲಿಗೆ ತುಂಬಿಕೊಂಡು ಬಂದರು. ದಂಡೆಯಲ್ಲಿ ಗಾಳೆಪ್ಪ ಒಬ್ಬನೇ ನಿಂತಿದ್ದ.

"ಆಕಿ ಎಲ್ಲಿ?" ಹುಲಿಗೆವ್ವ ಕೇಳಿದಳು.

"ಯಾಕಿ, ದೊಡ್ಡವ್ವ?"

"ಆ ಸೀರಿ ಉಡಾಕಿ."

ಅವನು ಆಚೆ ದಂಡೆಯ ಕಡೆ ನೋಡಿದ. ಮುದುಕಿಗೆ ತಿಳಿಯಿತು.

"ಸತ್ತಾಕಿ ಸೀರಿ ತೋರಿಸಿ ಬದುಕಿದವರನ್ನ ಕರದೇನೋ, ಗಾಳ್ಯಾ?"

"ನಾ ಯಾರನ್ನೂ ಕರೀಲಿಲ್ಲ. ಆಕಿ ತಾ ಅಂದ್ಲು. ತರಾಕ ಆಗವಲ್ದು."

ಹರಿಗೋಲು ಇಲ್ಲೇ ಕಟ್ಟಿರಲಿ ಎಂದು ಯಾರೋ ಮೆಲ್ಲಗೆ ಅಂದರು. ಮಕ್ಕಳು ಆಚೆ ದಂಡೆಗೆ ಕೈ ಮಾಡಿ, ಊರಿಗೆ ಹೋಗೋಣ ಎಂದು ಅತ್ತವು. ಬೆಳಗಾಗಲಿ, ನೋಡೋಣ ಎಂದು ಎಲ್ಲರೂ ಗಂಟು ಬಿಚ್ಚದೆ ಮಲಗಿದರು. ಗಾಳೆಪ್ಪನಿಗೆ ಕಣ್ಣು ಹತ್ತಲಿಲ್ಲ. ಕುದುರೆಯವರು ಬಂದರೆ ಇಷ್ಟು ಜನರ ಪಾಪ ತನ್ನ ತಲೆಗೆ. ಸೀರೆ ತೆಗೆದುಬಿಟ್ಟರೆ ಹೋಗುವವರು ಹೋಗಿ ಬದುಕುತ್ತಾರೆ ಎಂದುಕೊಂಡ.

ಬೆಳಿಗ್ಗೆ ಗುಂಡು ಹತ್ತಿದ. ಹುಲಿಗೆವ್ವ ಅವನಿಗಿಂತ ಮೊದಲೇ ಮೇಲಿದ್ದಳು. ತನ್ನ ತೇಪೆಯ ಹಸಿರು ಸೀರೆಯನ್ನು ಹಿಂಡಿ, ಹಂಪವ್ವನದರ ಪಕ್ಕಕ್ಕೆ ಹರವುತ್ತಿದ್ದಳು.

"ಇನ್ನ ಇದು ಇರತೈತಿ," ಅಂದಳು. "ಆಕೀದು ನೀ ಒಯ್ಯಿ."

ಈಗ ಹೋದವರಿಗೆ ಹಗಲೆಲ್ಲ ಗುಂಡಿನ ತುಂಬ ಸೀರೆ ಕಾಣುತ್ತವೆ. ಹೊತ್ತು ಮುಳುಗಿದ ಮೇಲೆ ಒಂದೂ ಇರುವುದಿಲ್ಲ. ಗಂಡಸರು ಅವಸರ ಮಾಡುತ್ತಾರೆ. ಗಾಳೆಪ್ಪ ತಡ ಮಾಡಿದ್ದ. ಅಂದು ಬೆಳಿಗ್ಗೆ ಅವನು ಎತ್ತಿದಾಗ ಸೀರೆ ಇಬ್ಬನಿಗೆ ತೊಯ್ದಿತ್ತು. ಹಾಗೇ ಮಡಿಚಿ, ಹೆಗಲಿಗೆ ಹಾಕಿಕೊಂಡು ಇಳಿದ. ಮನೆಗೆ ಬಂದು, ಅಡುಗೆ ಮನೆಯ ಔಡಲ ಗಿಡ ಕೀಳತೊಡಗಿದ.