ಮಣ್ಣು ಮಾತ್ರ ಕೊಂಡ ಸಾಸ್ಮಿತೊ

ಹತ್ತಿರ ಬನ್ನಿ ಮಕ್ಕಳೇ, ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಹಡಗು ಹತ್ತಿ ಮೂಡಣ ದಿಕ್ಕಿಗೆ ಹೋದರೆ ಇಂಡೋನೇಷ್ಯಾ ಅಂತ ದ್ವೀಪಗಳ ನಾಡು. ಆ ನಾಡಿನಲ್ಲಿ ಜಾವಾ ಅಂತ ಒಂದು ದ್ವೀಪ. ಆ ದ್ವೀಪದಲ್ಲಿ ಹಿಂದೆ ಒಂದು ರಾಜ್ಯವಿತ್ತು. ರಾಜ್ಯಕ್ಕೊಬ್ಬ ರಾಜ. ರಾಜನ ಅರಮನೆಯಲ್ಲಿ ಸಾಸ್ಮಿತೊ ಅಂತ ಒಬ್ಬ ಗುಮಾಸ್ತ.

ರಾಜ್ಯದಲ್ಲಿ ಯಾರು ಜಮೀನು ಮಾರಲಿ, ಯಾರು ಕೊಳ್ಳಲಿ, ಕ್ರಯಪತ್ರ ಬರೆಯುವವನು ಸಾಸ್ಮಿತೊ. ಅಕ್ಷರ ಮುತ್ತು ಪೋಣಿಸಿದ ಹಾಗೆ. ತಲೆಯ ವಿಚಾರ ಮಾತ್ರ ಅವನ ಬಾಯಲ್ಲೇ ಕೇಳಬೇಕು. "ನನ್ನ ತಲೆ ಬಹಳ ಚುರುಕು. ನಾನಿನ್ನೂ ಚಪ್ಪಲಿ ಮೆಟ್ಟುತ್ತಿರುತ್ತೇನೆ, ಅದು ಆಗಲೇ ಮುಂದೆ ಓಡಿಹೋಗಿ ಹಳ್ಳಕ್ಕೆ ಬಿದ್ದಿರುತ್ತದೆ" ಅನ್ನುತ್ತಿದ್ದ. ಇದು ಅವನು ಕೂದಲು ನೆರೆತ ಮೇಲೆ ಆಡಿದ ಮಾತು. ವಯಸ್ಸಿದ್ದಾಗ ಹಾಗೆಲ್ಲ ಅಂದವನಲ್ಲ.

ಒಂದು ದಿನ ರಾಜ ಹೇಳಿದ: "ಇನ್ನು ಮೇಲೆ ವರ್ಷಕ್ಕೊಂದು ಸಲ ತೆಂಕಣ ಕಡಲಿಗೆ ಸ್ನಾನಕ್ಕೆ ಹೋಗುತ್ತೇನೆ. ನಡುದಾರಿಯಲ್ಲಿ ತಂಗಲು ಒಂದು ಜಾಗ ಬೇಕು. ಮಲಗಲು ಮನೆ ಇರಲಿ. ಕುಡಿಯಲು ಎಳನೀರಿರಲಿ. ಕಾಲು ತೊಳೆಯಲು ಹರಿಯುವ ನೀರಿರಲಿ. ಅಂಥ ಜಾಗಕ್ಕೆ ಇಪ್ಪತ್ತು ಎಮ್ಮೆ ಕೊಡುತ್ತೇನೆ. ಡಂಗುರ ಹೊಡೆಸಿ."

ಆಜ್ಞೆ ಬರೆದುಕೊಳ್ಳುತ್ತಿದ್ದವನು ಸಾಸ್ಮಿತೊ. ಮಸಿ ಇನ್ನೂ ಆರಿರಲಿಲ್ಲ, ಅವನ ಬಾಯಿ ತೆರೆದುಕೊಂಡಿತು.

"ಡಂಗುರ ಯಾಕೆ ಮಹಾಪ್ರಭು? ವಾರುಸಾರಿ ಹಳ್ಳಿಯಲ್ಲಿ ಅಂಥದೊಂದು ಜಾಗ ಇದೆ. ಅದು ನನ್ನದೇ."

"ಒಳ್ಳೆಯದಾಯಿತು. ಬರುವ ಹುಣ್ಣಿಮೆಗೆ ಬರುತ್ತೇನೆ. ಮಾತು ಸುಳ್ಳಾದರೆ ಲೇಖನಿ ಇಲ್ಲಿಟ್ಟು ಮನೆಗೆ ನಡಿ."

ಜಾಗ ಇದ್ದದ್ದೇನೋ ನಿಜ. ಅವನದಾಗಿರಲಿಲ್ಲ, ಅಷ್ಟೆ. ಅದು ಪೋನಿಯೆಮ್ ಅಂತ ಒಬ್ಬ ಅಜ್ಜಿಯದು. ಗಂಡ ತೀರಿಕೊಂಡು ಬಹಳ ವರ್ಷ. ಹನ್ನೆರಡು ತೆಂಗಿನ ಮರ. ಒಂದೆರಡನ್ನು ಎಳನೀರಿಗೆ ಬಿಟ್ಟು, ಉಳಿದವುಗಳ ಹೊಂಬಾಳೆಯಿಂದ ರಸ ಇಳಿಸಿ, ಕಾಯಿಸಿ, ಬೆಲ್ಲ ಮಾಡಿ ಮಾರುವುದು ಅವಳ ಕಸುಬು. ತೇಗದ ಹಳೆಯ ಮನೆ. ಹಿತ್ತಲಲ್ಲಿ ಊರಿನ ನೀರಿನ ಊಟೆಯಿಂದ ಹರಿದುಬರುವ ಕಾಲುವೆ. ಸಾಸ್ಮಿತೊ ಯಾವುದೋ ಪತ್ರ ಬರೆಯಲು ಆ ಊರಿಗೆ ಹೋದಾಗ ಇದನ್ನೆಲ್ಲ ನೋಡಿದ್ದ.

ಮರುದಿನವೇ ಅವಳ ಜಗಲಿಯಲ್ಲಿ ಹೋಗಿ ಕೂತ. ಅಜ್ಜಿ ಬಿಸಿ ಬೆಲ್ಲದ ಚೂರು ಎಲೆಯಲ್ಲಿಟ್ಟು ಕೊಟ್ಟಳು. ಬೆಲ್ಲ ಬಾಯಲ್ಲಿಟ್ಟುಕೊಂಡೇ ಸುಳ್ಳು ಹೇಳಿದ.

"ಅಜ್ಜಿ, ನಿಮ್ಮ ಜಾಗದ ಮೇಲೆ ಅರಮನೆ ರಸ್ತೆ ಬರುತ್ತಂತೆ. ಸುಮ್ಮನೆ ಕಿತ್ಕೊಳ್ತಾರೆ, ಒಂದು ಕೋಳಿಮರೀನೂ ಕೊಡಲ್ಲ. ಅದಕ್ಕೆ ಮೊದಲು ನನಗೆ ಮಾರಿಬಿಡಿ. ನಾನಾದರೆ ಏನೋ ಒಂದು ಕೊಡ್ತೀನಿ."

ಅಜ್ಜಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಂಗೆ ಇರೋದು ಇದೊಂದೇ ಸೂರು ಸ್ವಾಮಿ. ಊರೋರನ್ನ ಒಂದು ಮಾತು ಕೇಳ್ತೀನಿ" ಅಂದಳು.

ವಾರುಸಾರಿಯಲ್ಲಿ ಜಮೀನಿನ ಮಾತು ಚಾಪೆ ಹಾಸಿ, ಊರೆಲ್ಲ ಕೂತು ಆಗಬೇಕು. ಅದು ಅಲ್ಲಿಯ ಪದ್ಧತಿ. ಮೂರನೇ ದಿನ ಚಾಪೆ ಹಾಸಿದರು. ಊರಿನ ಮುಖ್ಯಸ್ಥ ಕಾರ್ಸೊ ನಡುವೆ ಕೂತ. ಅಜ್ಜಿ ನಾಲ್ಕು ಎಮ್ಮೆ ಕೇಳಿದಳು.

"ನಾಲ್ಕೇ! ಈ ಹಳೇ ಮನೆ ಇಟ್ಕೊಂಡು ನಾನೇನು ಮಾಡ್ಲಿ? ಮನೆ ನನಗೆ ಬೇಡ" ಅಂದ ಸಾಸ್ಮಿತೊ.

"ಮನೆ ಬೇಡ್ವಾ? ಹಂಗಾದ್ರೆ ಒಂದೆಮ್ಮೆ ಕಮ್ಮಿ ಕೊಡಿ."

"ಮರಗಳೂ ಮುದಿಯಾಗಿವೆ. ಮರ ಬೇಡ."

"ಮರಾನೂ ಬೇಡ್ವಾ? ಹಂಗಾದ್ರೆ ಇನ್ನೊಂದೆಮ್ಮೆ ಕಮ್ಮಿ."

"ಕಾಲುವೆಯಲ್ಲಿ ಪಾಚಿ. ನೀರೂ ಬೇಡ."

"ನೀರೂ ಬೇಡ್ವಾ? ಹಂಗಾದ್ರೆ ಒಂದೇ ಎಮ್ಮೆ ಕೊಡಿ, ಸಾಕು."

ಸಾಸ್ಮಿತೊಗೆ ಒಳಗೊಳಗೇ ನಗು ಉಕ್ಕಿತು. ಬೇಡ ಅಂದ ಮಾತ್ರಕ್ಕೆ ಮನೆ ಎದ್ದು ಹೋಗುತ್ತದೆಯೇ? ಮರ ನಡೆದು ಹೋಗುತ್ತದೆಯೇ? ಕಾಲುವೆಯನ್ನು ಮಡಚಿಟ್ಟುಕೊಳ್ಳಲಾಗುತ್ತದೆಯೇ? ಪೇಟೆಯಲ್ಲಿ ಹುಟ್ಟಿ, ಇಟ್ಟಿಗೆ ಮನೆಯಲ್ಲಿ ಬೆಳೆದವನು ಅವನು. ಮಣ್ಣು ಯಾರದೋ, ಮನೆಯೂ ಅವರದೇ ಅಂತ ತಿಳಿದಿದ್ದ. ಹಳ್ಳಿಯವರು ಪತ್ರದಲ್ಲಿ ಮನೆ, ಮರ ಅಂತ ಬೇರೆ ಬೇರೆ ಬರೆಸಿದಾಗಲೂ, ಯಾಕೆ ಅಂತ ಒಂದು ದಿನವೂ ಕೇಳಿದವನಲ್ಲ. ಮೂರು ಮಾತಿಗೆ ಮೂರು ಎಮ್ಮೆ ಉಳಿಯಿತು ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕಾರ್ಸೊ ಕೇಳಿದ: "ಸ್ವಾಮಿ, ಮಣ್ಣು ಮಾತ್ರ ಅಲ್ವಾ?"

"ಹೌದು."

"ಮಣ್ಣು ಮಾತ್ರ ಅಂತಲೇ ಬರೀತೀರಲ್ವಾ?"

"ಹೌದಯ್ಯಾ."

"ಇನ್ನೊಂದು ಸಲ ಯೋಚ್ನೆ ಮಾಡಿ ಸ್ವಾಮಿ. ಮಣ್ಣು ಮಾತ್ರ ಅಂದ್ರೆ..."

"ಅರಮನೆ ಗುಮಾಸ್ತನಿಗೆ ಪತ್ರ ಬರೆಯೋದು ಕಲಿಸ್ತೀಯಾ?" ಅಂತ ಸಾಸ್ಮಿತೊ ಗದರಿದ. ಆಮೇಲೆ ಮುತ್ತಿನಂಥ ಅಕ್ಷರದಲ್ಲಿ "ಮಣ್ಣು ಮಾತ್ರ" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದ. ಎಲ್ಲರೂ ಕೂತು ಅರಿಸಿನದ ಅನ್ನ ಉಂಡರು. ಆ ಅನ್ನ ಉಂಡರೆ, ಇಬ್ಬರೂ ಒಪ್ಪದೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಸಾಸ್ಮಿತೊ ಎರಡು ಸಲ ಹಾಕಿಸಿಕೊಂಡ.

ಅವನನ್ನು ನೋಡಿ ನಗಬೇಡಿ. ನಗುವುದಿದ್ದರೆ ನನ್ನನ್ನೂ ಸೇರಿಸಿ ನಗಿ. ನಾನೂ ಒಂದು ಸಲ ಸೈಟು ನೋಡಲು ಹೋಗಿ, ಬಾವಿಯ ನೀರು ಸಿಹಿಯಾಗಿದೆ ಅಂತ ಖುಷಿಪಟ್ಟು ಮುಂಗಡ ಕೊಟ್ಟು ಬಂದವನು. ಬಾವಿ ಪಕ್ಕದ ಮನೆಯವರದಾಗಿತ್ತು. ಈಗಲೂ ಅವರ ಮನೆ ಮುಂದೆ ಕೊಡ ಹಿಡಿದು ನಿಲ್ಲುತ್ತೇನೆ.

ಇರಲಿ. ಹುಣ್ಣಿಮೆಯ ಬೆಳಿಗ್ಗೆ ಸಾಸ್ಮಿತೊ ಹೊಸ ಬಟ್ಟೆ ಉಟ್ಟು, ರಾಜನಿಗಿಂತ ಸ್ವಲ್ಪ ಮುಂಚೆ ವಾರುಸಾರಿಗೆ ಬಂದ. ಬಂದು ನೋಡಿದರೆ ಮನೆ ಇಲ್ಲ! ಜಗಲಿ ಇದ್ದ ಕಡೆ ಎರಡು ಕೋಳಿ ಕೆದಕುತ್ತಿದ್ದವು.

"ಕಾರ್ಸೊ! ಮನೆ ಎಲ್ಲಯ್ಯಾ?"

"ಕಾಲುವೆ ಆಚೆ ನಮ್ಮ ಹಿತ್ತಲಲ್ಲಿದೆ ಸ್ವಾಮಿ. ಒಂದು ಮೊಳೇನೂ ಇಲ್ಲದ ಮನೆ. ಹೆಂಚು ಇಳಿಸಿ, ಗೋಡೆ ಬಿಚ್ಚಿ, ನಲವತ್ತು ಜನ ಹೆಗಲು ಕೊಟ್ವಿ. ಹೋದ ವಾರ ಒಂದು ಬೆಳಿಗ್ಗೆ ಎತ್ತಿದ್ದು, ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಅದರಲ್ಲೇ ಅಡುಗೆ ಮಾಡಿದ್ರು."

"ಮನೆ ಹೊತ್ಕೊಂಡು ಹೋಗೋದು ಅಂದ್ರೇನು?"

"ನಮ್ಮಲ್ಲಿ ಮಣ್ಣು ಬೇರೆ, ಮನೆ ಬೇರೆ, ಮರ ಬೇರೆ ಸ್ವಾಮಿ. ಮನೆ ಕಟ್ಟಿದೋರದ್ದು. ಮರ ನೆಟ್ಟೋರದ್ದು. ಕಾಲುವೆ ನೀರು ಒಲೆ ಉರಿಯೋ ಮನೇಲಿ ಇರೋರದ್ದು. ಮಣ್ಣಿನ ಜೊತೆ ಇವನ್ನೂ ಕೊಂಡ್ರೆ ಪತ್ರದಲ್ಲಿ ಬರೀಬೇಕು."

"ಮೊದಲೇ ಹೇಳಬಾರದಿತ್ತಾ?"

"ಮೂರು ಸಲ ಕೇಳಿದ್ನಲ್ಲ ಸ್ವಾಮಿ. ನೀವು ಗದರಿದ್ರಿ."

ಅಷ್ಟರಲ್ಲಿ ಕಹಳೆ ಕೇಳಿಸಿತು. ರಾಜ ಬಂದು ಆನೆಯಿಂದ ಇಳಿದ.

"ಸಾಸ್ಮಿತೊ, ಸೊಂಟ ಹಿಡಿದಿದೆ. ಸ್ವಲ್ಪ ಮಲಗಬೇಕು. ಮನೆ ಎಲ್ಲಿ?"

"ಅಜ್ಜಿಯನ್ನು ಕೇಳಬೇಕು ಮಹಾಪ್ರಭು."

"ಹಾಗಾದರೆ ಒಂದು ಎಳನೀರು ಕೀಳಿಸು."

"ಅದಕ್ಕೂ ಅಜ್ಜಿಯನ್ನು ಕೇಳಬೇಕು ಮಹಾಪ್ರಭು."

"ಕಾಲಿಗಾದರೂ ನೀರು ಕೊಡು!"

"ಅದಕ್ಕೂ..." ಅಂದ ಸಾಸ್ಮಿತೊನ ದನಿ ಅವನಿಗೇ ಕೇಳಿಸಲಿಲ್ಲ.

ರಾಜ ಹುಬ್ಬು ಗಂಟಿಕ್ಕಿದ. "ಹಾಗಾದರೆ ಇಲ್ಲಿ ನಿನ್ನದು ಅಂತ ಏನಿದೆ?"

ಇನ್ನೊಂದು ಸುಳ್ಳು ಹುಡುಕಿ ನೋಡಿದ, ಸಿಗಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಹಿಡಿದ. "ಇದು ಮಹಾಪ್ರಭು. ಇದು ಮಾತ್ರ ಬೇಕಾದಷ್ಟಿದೆ. ನನ್ನಂಥ ಬುದ್ಧಿವಂತ ನಿಮ್ಮ ಅರಮನೆಯಲ್ಲಿ ಇನ್ನೊಬ್ಬನಿರಲಾರ. ನನಗೆ ಮೋಸ ಮಾಡಲು ಯಾರೂ ಬರಬೇಕಾಗಲಿಲ್ಲ, ನಾನೇ ಬರೆದುಕೊಟ್ಟೆ, ಗೆರೆಯನ್ನೂ ನಾನೇ ಎಳೆದೆ." ಹೀಗೆ ಶುರುಮಾಡಿ, ಹೇಳಿದ ಸುಳ್ಳನ್ನೂ ಮುರಿದ ಬೆಲೆಯನ್ನೂ ಒಂದೂ ಬಿಡದೆ ಒಪ್ಪಿಸಿದ.

ರಾಜನಿಗೆ ನಗು ತಡೆಯಲಾಗಲಿಲ್ಲ. ಪೋನಿಯೆಮ್ ಅಜ್ಜಿಯನ್ನು ಕರೆಸಿದ. ಅಜ್ಜಿ ನಗಲಿಲ್ಲ.

"ರಸ್ತೆ ಬರುತ್ತೆ ಅಂತ ಇವ್ರು ಹೆದರಿಸಿದ ದಿನ ನನ್ನ ಗಂಟಲಲ್ಲಿ ಒಂದು ತುತ್ತೂ ಇಳೀಲಿಲ್ಲ ಮಹಾಪ್ರಭು. ಆ ಮರಗಳನ್ನ ನೆಟ್ಟೋರು ನಮ್ಮ ಯಜಮಾನ್ರು" ಅಂದಳು.

ಸಾಸ್ಮಿತೊಗೆ ಎಮ್ಮೆ ಹೋದದ್ದಕ್ಕೂ ಆಗದ ನಾಚಿಕೆ ಈಗ ಆಯಿತು. ಅವಳ ಬೆಲ್ಲ ತಿನ್ನುತ್ತಲೇ ಅವಳನ್ನು ಹೆದರಿಸಿದ್ದು ನೆನಪಾಗಿ ತಲೆ ಎತ್ತಲಾಗಲಿಲ್ಲ. "ಅಜ್ಜಿ, ನಿಮ್ಮ ಮಣ್ಣು ನೀವು ತಗೊಳ್ಳಿ. ನನ್ನ ಎಮ್ಮೆ ಕೊಟ್ಟರೆ ಸಾಕು" ಅಂದ.

"ಎಮ್ಮೆ ಹೊಡ್ಕೊಂಡು ಹೋಗಪ್ಪಾ. ಆದ್ರೆ ಮೊನ್ನೆ ಕರು ಹಾಕಿದೆ, ಕರು ಹಾಲು ಕುಡಿಯೋದು ಬಿಡೋವರೆಗೂ ಎರಡೂ ಇಲ್ಲೇ ಇರ್ಲಿ. ಆಮೇಲೆ ಕರು ನಂದು."

ಸಾಸ್ಮಿತೊ ಚೌಕಾಸಿ ಮಾಡಲಿಲ್ಲ. ಅವನ ಬಾಳಿನಲ್ಲಿ ಅದೇ ಮೊದಲು.

ರಾಜ ಇಪ್ಪತ್ತು ಎಮ್ಮೆ ಕೊಡುತ್ತೇನೆ, ಜಾಗ ಕೊಡು ಅಂದ. ಅಜ್ಜಿ ತಲೆಯಾಡಿಸಿದಳು. "ಮಾರೋದು ಸಾಕಾಯ್ತು ಮಹಾಪ್ರಭು. ವರ್ಷಕ್ಕೊಂದು ಸಲ ನೆಂಟರ ಹಂಗೆ ಬನ್ನಿ, ಮಲಕ್ಕೊಳ್ಳಿ, ಎಳನೀರು ಕುಡೀರಿ. ಬರೋವಾಗ ಒಂದೆಮ್ಮೆ ತಂದ್ರೆ ನಾನೇನೂ ಬೇಡ ಅನ್ನಲ್ಲ."

ರಾಜ ಒಪ್ಪಿದ. ಮನೆ ಮತ್ತೆ ತನ್ನ ಜಾಗಕ್ಕೆ ಬರಬೇಕಲ್ಲ, ಊರವರು ಹೆಗಲು ಕೊಟ್ಟರು. ಒಂದು ಮೂಲೆಗೆ ಸಾಸ್ಮಿತೊನೂ ಹೆಗಲು ಕೊಡಬೇಕಾಯಿತು. ಹತ್ತು ಹೆಜ್ಜೆಗೆ ಕಣ್ಣು ಕತ್ತಲಿಟ್ಟಿತು. ಹಳೇ ಮನೆ ಅಂತ ಮೂಗು ಮುರಿದಿದ್ದನಲ್ಲ, ತೇಗದ ತೊಲೆ ಎಷ್ಟು ಗಟ್ಟಿ ಅಂತ ಅವನ ಭುಜಕ್ಕೆ ಆಮೇಲೆ ಎಂಟು ದಿನ ಗೊತ್ತಾಗುತ್ತಿತ್ತು.

ಕೊನೆಗೆ ರಾಜ ಕೈ ಚಾಚಿದ. "ಲೇಖನಿ ಕೊಡು. ನಿನ್ನ ಕೆಲಸ ಮುಗಿಯಿತು."

ಸಾಸ್ಮಿತೊ ಲೇಖನಿ ತೆಗೆದು ರಾಜನ ಕೈಗಿಟ್ಟ. ಅಜ್ಜಿ ಅಡ್ಡ ಬಂದಳು.

"ಬೇಡ ಮಹಾಪ್ರಭು. ಇವ್ರನ್ನ ಬಿಡಿಸಿದ್ರೆ ಇನ್ನೊಬ್ರು ಬರ್ತಾರೆ. ಅವ್ರಿಗೂ ಮೊದಲಿಂದ ಕಲಿಸೋಕೆ ನನಗೆ ವಯಸ್ಸಿಲ್ಲ."

ರಾಜ ಯೋಚಿಸಿ ಲೇಖನಿ ತಿರುಗಿ ಕೊಟ್ಟ. ಒಂದು ಷರತ್ತು ಹಾಕಿದ. ಇನ್ನು ಮೇಲೆ ಯಾವ ಕ್ರಯಪತ್ರ ಬರೆಯುವ ಮೊದಲೂ ಸಾಸ್ಮಿತೊ ಕೊಳ್ಳುವವನನ್ನು ಎದುರಿಗೆ ಕೂರಿಸಿಕೊಂಡು, ತಾನು ಮಣ್ಣು ಕೊಂಡ ಕಥೆಯನ್ನು ತಾನೇ ಹೇಳಬೇಕು.

ಮೊದಲ ವರ್ಷ ನಾಚಿಕೆಯಿಂದ ಹೇಳಿದ. ಎರಡನೇ ವರ್ಷ ಅಭ್ಯಾಸವಾಯಿತು. ಮೂರನೇ ವರ್ಷದ ಹೊತ್ತಿಗೆ ಜಮೀನು ಕೊಳ್ಳದವರೂ ಕಥೆ ಕೇಳಲು ಬಂದು ಕೂರುತ್ತಿದ್ದರು. ಕಥೆ ಮುಗಿಸಿ ಅವನು ಹೇಳುತ್ತಿದ್ದ ನೀತಿ ಇಷ್ಟೇ: ಹಳ್ಳಿಯವರಿಗೆ ಏನೂ ಗೊತ್ತಿಲ್ಲ ಅಂದುಕೊಂಡು ಅವರ ಜಾಗಕ್ಕೆ ಬೆಲೆ ಮುರಿಯಬೇಡಿ. ಅಲ್ಲಿ ಏನು ಯಾರದು ಅಂತ ಮೊದಲು ಕೇಳಿ. ಸುಳ್ಳು ಹೇಳಿ ಕೊಂಡದ್ದು ಕೈಯಲ್ಲಿ ನಿಲ್ಲುವುದಿಲ್ಲ.

ಒಂದು ಸಲ ಪೇಟೆಯ ವ್ಯಾಪಾರಿಯೊಬ್ಬ ಈ ಕಥೆ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನಾನೇನೂ ಅಷ್ಟು ಪೆದ್ದನಲ್ಲ ಬಿಡಿ, ಬೇಗ ಪತ್ರ ಬರೀರಿ" ಅಂದನಂತೆ.

ಸಾಸ್ಮಿತೊ ಲೇಖನಿ ಕೆಳಗಿಟ್ಟು, "ನಿಮಗೆ ಕಥೆ ಅರ್ಥವಾಗಲಿಲ್ಲ ಸ್ವಾಮಿ, ಕೂತ್ಕೊಳ್ಳಿ, ಇನ್ನೊಂದು ಸಲ ಹೇಳ್ತೀನಿ" ಅಂದ.