ಅಂಗಡಿ ಮುಂದಿನ ಹಂಪ್

ಚಳ್ಳಕೆರೆಯ ದರ್ಜಿ ಓಬಣ್ಣನಿಗೆ ಗುತ್ತಿಗೆದಾರ ತಿಪ್ಪೇಸ್ವಾಮಿಯವರ ಕಾರಿನ ಮೇಲೆ ಬಹಳ ವರ್ಷದಿಂದ ಆಸೆ. ಇಡೀ ಸಂಸಾರ ಹಿಡಿಸುವಷ್ಟು ಉದ್ದದ ಕಾರು, ಓಡುವುದು ಮಾತ್ರ ರೇಸಿನ ಕಾರಿನ ಹಾಗೆ. ಅದನ್ನು ಮಾರುತ್ತಾರೆಂದು ತಿಳಿದದ್ದೇ ತಡ, ಕೂಡಿಟ್ಟಿದ್ದನ್ನೆಲ್ಲ ಕಟ್ಟಿಕೊಂಡು ಓಡಿದ.

ತಿಪ್ಪೇಸ್ವಾಮಿ ಮೀಸೆ ತಿರುವಿದರು. “ಇದರ ಸ್ಪೀಡು ಗೊತ್ತಿದ್ದೋರಿಗಷ್ಟೇ ಕೊಡೋದು. ಹೊಲಿಗೆ ಮಿಷನ್ ತುಳಿಯೋ ನಿನಗೇನು ಗೊತ್ತು?”

“ಗೊತ್ತಿದ್ದಕ್ಕೇ ಸಾಹುಕಾರ್ರೇ, ಅವರಿವರ ಕೈಕಾಲು ಹಿಡಿದು ನನ್ನ ಅಂಗಡಿ ಮುಂದೆ ಹಂಪ್ ಹಾಕಿಸಿದ್ದು. ಅದಿಲ್ಲದಿದ್ರೆ ನಿಮ್ಮ ಕಾರು ಕಣ್ತುಂಬ ನೋಡೋಕೆ ಸಿಗ್ತಿತ್ತಾ?”

ದಿನಾ ಆ ಹಂಪನ್ನು ಬೈಯುತ್ತಿದ್ದ ತಿಪ್ಪೇಸ್ವಾಮಿ ಬಿದ್ದು ಬಿದ್ದು ನಕ್ಕು ಕೀ ಕೊಟ್ಟರು.

ಮನೆಗೆ ಬರುವಾಗ ಹಂಪ್ ಹತ್ತಿರ ಓಬಣ್ಣ ಕಾರು ನಿಧಾನ ಮಾಡಿ ಅಂಗಡಿಯತ್ತ ನೋಡಿದ. ಮಿಷನ್ ಹಿಂದಿನ ತನ್ನ ಕುರ್ಚಿ ಖಾಲಿಯಿತ್ತು. ಕಾರನ್ನು ಆಸೆಯಿಂದ ನೋಡುವವರು ಅಲ್ಲಿ ಯಾರೂ ಇರಲಿಲ್ಲ.